‘ಆರು ತಿಂಗಳು ನೋಡೋಣ’ ಅಂದವರು ಯಾವಾಗ ಉತ್ತರ ಹೇಳಬೇಕು? ಪ್ರೊಬೇಷನ್ ಕಾನೂನು, ನಾಲ್ಕು ತಾಲ್ಲೂಕಿನ ಅಂಗಡಿ-ಕೆಲಸಗಾರರ ಲೆಕ್ಕ

ಹಾವೇರಿ: ‘ಮೊದಲು ಆರು ತಿಂಗಳು ಬಂದು ಕೆಲಸ ಕಲಿ, ಆಮೇಲೆ ಪಗಾರದ ಮಾತು ಆಡೋಣ.’ ಹಾನಗಲ್‌ನ ಬಟ್ಟೆ ಅಂಗಡಿ ಇರಲಿ, ಶಿಗ್ಗಾವಿ ಹೆದ್ದಾರಿ ಪಕ್ಕದ ಖಾನಾವಳಿ ಇರಲಿ, ಸವಣೂರಿನ ಮೊಬೈಲ್ ಅಂಗಡಿ ಇರಲಿ, ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿ ಇರಲಿ, ಹೊಸದಾಗಿ ಕೆಲಸಕ್ಕೆ ಸೇರುವವರು ಕೇಳುವ ಮೊದಲ ಮಾತು ಬಹುತೇಕ ಇದೇ. ಮಾತು ಬಾಯಲ್ಲೇ ಮುಗಿಯುತ್ತದೆ, ಕಾಗದ ಇರೋದಿಲ್ಲ. ಐದನೇ ತಿಂಗಳು ಮುಗಿಯುವಾಗ ‘ನಾಳಿಂದ ಬರಬ್ಯಾಡಪ್ಪ’ ಅಂದರೆ ಹುಡುಗ ಚೀಲ ಎತ್ತಿಕೊಂಡು ಮನೆಗೆ ಹೋಗುತ್ತಾನೆ. ಅಂಗಡಿಗೆ ಇನ್ನೊಬ್ಬ ಬರುತ್ತಾನೆ.

ಇದು ಕಾನೂನಿಗೆ ಸರಿಯೇ? ಕೆಲಸಗಾರರು ಅಂದುಕೊಂಡಷ್ಟು ತಪ್ಪೂ ಅಲ್ಲ, ಮಾಲಕರು ಅಂದುಕೊಂಡಷ್ಟು ಸರಿಯೂ ಅಲ್ಲ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಚರ್ಚೆ ಮತ್ತೆ ಶುರುವಾಗಿದೆ. 29 ಹಳೇ ಕೇಂದ್ರ ಕಾಯ್ದೆಗಳ ಜಾಗಕ್ಕೆ ಈ ನಾಲ್ಕು ಬಂದಿವೆ. ಆದರೆ ತಾಲ್ಲೂಕು ಮಟ್ಟದ ಅಂಗಡಿಗಳ ಮಟ್ಟಿಗೆ ಮುಖ್ಯವಾದ ಕಾನೂನು ಆ 29ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ರಾಜ್ಯದ್ದೇ ಆದ ಕಾನೂನು: ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961.

ಆರು ತಿಂಗಳ ಗೆರೆ

ಈ ಕಾಯ್ದೆಯ 39ನೇ ಸೆಕ್ಷನ್ ಹೇಳೋದು ಸರಳ. ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸುಮ್ಮನೆ ತೆಗೆಯುವಂತಿಲ್ಲ. ಸರಿಯಾದ ಕಾರಣ ಬೇಕು. ಜತೆಗೆ ಒಂದು ತಿಂಗಳ ಮುಂಚಿತ ನೋಟಿಸ್ ಕೊಡಬೇಕು, ಇಲ್ಲವೇ ನೋಟಿಸ್ ಬದಲು ಒಂದು ತಿಂಗಳ ಪಗಾರ ಕೊಡಬೇಕು. ಕಳ್ಳತನದಂಥ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ ನೋಟಿಸ್ ಬೇಕಿಲ್ಲ. ತೆಗೆದದ್ದು ತಪ್ಪು ಅನಿಸಿದರೆ ಕೆಲಸಗಾರ ಮೇಲ್ಮನವಿ ಹಾಕಬಹುದು.

ಗಮನಿಸಬೇಕಾದ್ದು ಏನೆಂದರೆ, ಇಲ್ಲಿ ಕಾನೂನು ಎಣಿಸೋದು ದುಡಿದ ದಿನಗಳನ್ನು. ‘ಇವನು ಇನ್ನೂ ಪ್ರೊಬೇಷನ್‌ನಲ್ಲಿದ್ದಾನೆ’, ‘ಇವಳು ಟ್ರೇನಿಂಗ್ ಹುಡುಗಿ’ ಅನ್ನೋದು ಮಾಲಕರು ಇಟ್ಟ ಹೆಸರು. ಜೂನ್ 1ಕ್ಕೆ ಸೇರಿದವರಿಗೆ ನವೆಂಬರ್ ಕೊನೆಗೆ ಆರು ತಿಂಗಳು ತುಂಬುತ್ತದೆ. ಡಿಸೆಂಬರ್‌ನಲ್ಲಿ ‘ನಿನ್ನ ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದಕ್ಕೆ ಹಾಕೀನಿ’ ಅಂದರೂ 39ನೇ ಸೆಕ್ಷನ್ನಿನ ರಕ್ಷಣೆ ಹೋಗೋದಿಲ್ಲ.

ಆರು ತಿಂಗಳ ಒಳಗೆ ಹೇಗೆ? ಆಗ ಈ ಸೆಕ್ಷನ್ನಿನ ರಕ್ಷಣೆ ಇಲ್ಲ. ಕೆಲಸ ಸರಿಹೋಗದಿದ್ದರೆ ಮಾಲಕರು ಬಿಡಿಸಬಹುದು. ಪರೀಕ್ಷಾ ಅವಧಿ ಅಂದರೆ ಅದೇ. ಆದರೆ ಇಲ್ಲೂ ಒಂದು ಮಾತಿದೆ. ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 60 ವರ್ಷದ ಹಿಂದೆಯೇ: ಆರು ತಿಂಗಳ ಪ್ರೊಬೇಷನ್ ಅಂತ ಬರೆದುಕೊಟ್ಟು ತಗೊಂಡಿದ್ದರೆ, ದುರ್ನಡತೆ ಅಥವಾ ಇನ್ಯಾವುದೋ ಸಾಕಷ್ಟು ಕಾರಣ ಇಲ್ಲದೆ ನಡುವೆಯೇ ತೆಗೆಯುವ ಹಕ್ಕು ಮಾಲಕರಿಗೆ ತಾನಾಗಿ ಬರೋದಿಲ್ಲ. ಅದೇ ತೀರ್ಪು ಕೆಲಸಗಾರರಿಗೂ ಒಂದು ಮಾತು ಹೇಳಿತು. ಅವಧಿ ಮುಗಿದ ಮಾತ್ರಕ್ಕೆ ಯಾರೂ ತಾನಾಗಿ ಕಾಯಂ ಆಗೋದಿಲ್ಲ. ಆದೇಶ ಬರುವವರೆಗೂ ಪ್ರೊಬೇಷನ್‌ನಲ್ಲೇ ಮುಂದುವರಿದಂತೆ.

ಗೊಂದಲ ಹುಟ್ಟೋದು ಇಲ್ಲೇ. ‘ಕಾಯಂ’ ಬೇರೆ, ‘ರಕ್ಷಣೆ’ ಬೇರೆ. ಕಾಯಂ ಆಗಲು ಮಾಲಕರ ಆದೇಶ ಬೇಕು. ನೋಟಿಸ್, ಪಗಾರ, ಪರಿಹಾರದಂಥ ರಕ್ಷಣೆಗೆ ದುಡಿದ ದಿನಗಳೇ ಸಾಕು.

ಬಸ್ ಮುಷ್ಕರ ಕಲಿಸಿದ ಪಾಠ

ಪ್ರೊಬೇಷನ್‌ನಲ್ಲಿ ಇರುವವರ ಸ್ಥಿತಿ ಎಷ್ಟು ನಾಜೂಕು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2021ರ ಏಪ್ರಿಲ್ 7ರಿಂದ ರಾಜ್ಯದ ಸಾರಿಗೆ ನೌಕರರು ಮುಷ್ಕರ ಹೂಡಿದ್ದರು. ಹಾವೇರಿ ಜಿಲ್ಲೆಗೆ ಬಸ್ ಓಡಿಸುವ ವಾಯವ್ಯ ಕರ್ನಾಟಕ ಸಾರಿಗೆ ನಿಗಮವೂ ಸೇರಿ ನಾಲ್ಕೂ ನಿಗಮಗಳ ಬಸ್ ಸಂಚಾರಕ್ಕೆ ಪೆಟ್ಟು ಬಿತ್ತು. ಆರನೇ ವೇತನ ಆಯೋಗದ ಪ್ರಕಾರ ಪಗಾರ ಕೊಡಿ ಅನ್ನೋದು ಮುಖ್ಯ ಬೇಡಿಕೆ. ಹೈಕೋರ್ಟ್ ಮಧ್ಯ ಪ್ರವೇಶಿಸಿದ ಮೇಲೆ ಏಪ್ರಿಲ್ 21ಕ್ಕೆ ಮುಷ್ಕರ ನಿಂತಿತು.

ಆ ದಿನಗಳಲ್ಲಿ ಬಿಎಂಟಿಸಿ ಕ್ರಮ ಶುರು ಮಾಡಿದ್ದು ಯಾರ ಮೇಲೆ? ಟ್ರೇನಿಗಳು ಮತ್ತು ಪ್ರೊಬೇಷನರಿ ನೌಕರರ ಮೇಲೆ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವರನ್ನು ತೆಗೆಯಲು ವಿಚಾರಣೆ, ದೋಷಾರೋಪ ಪತ್ರ ಎಲ್ಲ ಬೇಕು. ಹೊಸಬರ ವಿಷಯದಲ್ಲಿ ದಾರಿ ಚಿಕ್ಕದು. ಮುಂದೆ ವಜಾ ಆದ ಹಲವರನ್ನು ಷರತ್ತಿನ ಮೇಲೆ ಹಂತ ಹಂತವಾಗಿ ವಾಪಸ್ ತಗೊಂಡರು. ಆದರೆ ಒಂದೇ ಬೇಡಿಕೆಗೆ ಒಟ್ಟಿಗೆ ನಿಂತವರಲ್ಲಿ ಮೊದಲು ಕೆಲಸ ಕಳಕೊಂಡವರು ಹೊಸಬರೇ.

ಇದಕ್ಕೂ ಮೊದಲು, 2020ರ ಡಿಸೆಂಬರ್ ಮುಷ್ಕರದ ವೇಳೆ ಸರ್ಕಾರ ಒಪ್ಪಿದ ಬೇಡಿಕೆಗಳಲ್ಲಿ ತರಬೇತಿ ಅವಧಿಯನ್ನು ಎರಡು ವರ್ಷದಿಂದ ಒಂದು ವರ್ಷಕ್ಕೆ ಇಳಿಸೋದೂ ಇತ್ತು. ಪಗಾರದಷ್ಟೇ ಈ ಅವಧಿಯೂ ಹೊಟ್ಟೆಪಾಡಿನ ಪ್ರಶ್ನೆ ಅಂತ ನೌಕರರಿಗೆ ಚೆನ್ನಾಗಿ ಗೊತ್ತಿತ್ತು.

ಸರ್ಕಾರಿ ಕೆಲಸದಲ್ಲಿ ಬೇರೆ ಲೆಕ್ಕ

ಸರ್ಕಾರಿ ನೌಕರಿಗೆ ಹೊಸದಾಗಿ ಸೇರಿದವರಿಗೆ 1977ರ ಕರ್ನಾಟಕ ನಾಗರಿಕ ಸೇವಾ ಪ್ರೊಬೇಷನ್ ನಿಯಮಗಳು ಅನ್ವಯ. ಅಲ್ಲಿ ಕನಿಷ್ಠ ಎರಡು ವರ್ಷ ಪ್ರೊಬೇಷನ್. ತೃಪ್ತಿಕರವಾಗಿ ಮುಗಿಸಿದ್ದಾರೆ ಅಂತ ಪ್ರತ್ಯೇಕ ಆದೇಶ ಬರದ ಹೊರತು ಮುಗಿದಂತಲ್ಲ. ಆದರೆ 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಂದು ಕಾವಲು ಇಟ್ಟಿದೆ. ಆದೇಶದಲ್ಲಿ ‘ಕೆಲಸ ತೃಪ್ತಿಕರವಲ್ಲ’ ಅಂತ ಮೆತ್ತಗೆ ಬರೆದು, ಒಳಗೆ ನಿಜವಾದ ಕಾರಣ ದುರ್ನಡತೆಯ ಆರೋಪ ಆಗಿದ್ದರೆ, ಕೋರ್ಟು ಆದೇಶದ ಭಾಷೆಯನ್ನು ಬದಿಗಿಟ್ಟು ನಿಜ ಕಾರಣ ಹುಡುಕುತ್ತದೆ. ಕಳಂಕ ಹಚ್ಚಿ ತೆಗೆಯುವುದಾದರೆ ವಿಚಾರಣೆ ಆಗಲೇಬೇಕು.

ಪ್ರೊಬೇಷನ್ ಬೇರೆ, ಗುತ್ತಿಗೆ ಬೇರೆ ಅನ್ನೋದೂ ಗೊತ್ತಿರಬೇಕು. ಹೊರಗುತ್ತಿಗೆ, ದಿನಗೂಲಿ ಮೇಲೆ ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರು ಪ್ರೊಬೇಷನರ್ ಅಲ್ಲ. ಕರ್ನಾಟಕದ್ದೇ ಆದ 2006ರ ಉಮಾದೇವಿ ಪ್ರಕರಣದಲ್ಲಿ, ನಿಯಮದಂತೆ ನೇಮಕ ಆಗದವರಿಗೆ ವರ್ಷಗಟ್ಟಲೆ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ‘ಎರಡು ವರ್ಷ ಆತು, ಇನ್ನ ಕಾಯಂ ಮಾಡ್ತಾರ’ ಅಂತ ಕಾಯುವವರು ಈ ವ್ಯತ್ಯಾಸ ತಿಳಿದಿರಬೇಕು.

ಮಾಲಕರ ಮಾತಿನಲ್ಲೂ ಸತ್ಯ ಇದೆ

ಇನ್ನೊಂದು ಕಡೆಯನ್ನೂ ನೋಡಬೇಕು. ಇಬ್ಬರೋ ಮೂವರೋ ಕೆಲಸಗಾರರಿರುವ ಅಂಗಡಿಗೆ ಒಬ್ಬ ತಪ್ಪು ಆಳು ಸೇರಿದರೆ ಗಲ್ಲಾಪೆಟ್ಟಿಗೆ, ಉದ್ರಿ ಲೆಕ್ಕ, ಗಿರಾಕಿ ಮೂರಕ್ಕೂ ಹೊಡೆತ. ಸಂತೆ ದಿನ ಕೈಕೊಟ್ಟರೆ ಆ ವಾರದ ವ್ಯಾಪಾರವೇ ಹೋಯಿತು. ಕೆಲಸ ಕಲಿಸಿ ಆರು ತಿಂಗಳಾದ ಮೇಲೆ ಹುಬ್ಬಳ್ಳಿಯ ಷೋರೂಮಿಗೆ ಹೋಗುವವರೂ ಇದ್ದಾರೆ. ‘ನೋಡಿ ತಗೋಬೇಕು’ ಅನ್ನೋದು ದುರಾಸೆಯ ಮಾತಲ್ಲ. ಕಾನೂನೂ ಅದನ್ನು ಒಪ್ಪುತ್ತದೆ. ಆರು ತಿಂಗಳು ಕೊಟ್ಟಿರೋದು ಅದಕ್ಕೇ.

ಬೇರೆ ದೇಶಗಳ ಲೆಕ್ಕವೂ ಹತ್ತಿರ ಹತ್ತಿರ ಇದೇ. ಜರ್ಮನಿಯಲ್ಲಿ ಪ್ರೊಬೇಷನ್ ಗರಿಷ್ಠ ಆರು ತಿಂಗಳು. ಬ್ರಿಟನ್‌ನಲ್ಲಿ ಅನ್ಯಾಯದ ವಜಾ ವಿರುದ್ಧ ದೂರು ಕೊಡಲು ಎರಡು ವರ್ಷ ಕೆಲಸ ಮಾಡಿರಬೇಕಿತ್ತು. ಅದನ್ನು ಆರು ತಿಂಗಳಿಗೆ ಇಳಿಸುವ ಕಾನೂನು 2025ರ ಡಿಸೆಂಬರ್‌ನಲ್ಲಿ ಪಾಸಾಗಿದೆ. ಕರ್ನಾಟಕ 1961ರಲ್ಲೇ ಹಾಕಿದ ಗೆರೆಗೆ ಅವರು ಈಗ ಬಂದಿದ್ದಾರೆ. ಕಾಗದದ ಮೇಲೆ ರಾಜ್ಯ ಹಿಂದೆ ಬಿದ್ದಿಲ್ಲ, ಆದರೆ ಕಾಗದ ಅಂಗಡಿಯ ತನಕ ಬಂದಿಲ್ಲ.

ತಪ್ಪಾಗೋದು ಪರೀಕ್ಷೆಯನ್ನೇ ವ್ಯವಸ್ಥೆ ಮಾಡಿಕೊಂಡಾಗ. ಐದೂವರೆ ತಿಂಗಳಿಗೆ ಬಿಡಿಸಿ, ಹದಿನೈದು ದಿನ ಮನೆಯಲ್ಲಿ ಕೂರಿಸಿ, ಮತ್ತೆ ‘ಹೊಸದಾಗಿ’ ಸೇರಿಸಿಕೊಳ್ಳುವುದು ಕೆಲವು ಕಡೆ ನಡೆಯುತ್ತದೆ. ಕಾಯಂ ಸವಲತ್ತು ತಪ್ಪಿಸಲೆಂದೇ ಜನರನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದನ್ನು ಹಳೇ ಕೈಗಾರಿಕಾ ವಿವಾದ ಕಾಯ್ದೆಯೂ, ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅನುಚಿತ ಕಾರ್ಮಿಕ ಪದ್ಧತಿ ಅಂತಲೇ ಪಟ್ಟಿ ಮಾಡಿವೆ.

ಹೊಸ ಸಂಹಿತೆಗಳಿಂದ ಬದಲಾಗಿದ್ದೇನು?

ಒಂದು ಕಡೆ ಕೆಲಸಗಾರರಿಗೆ ಲಾಭ ಇದೆ. ಕನಿಷ್ಠ ವೇತನ ಈಗ ಎಲ್ಲ ಉದ್ಯೋಗಕ್ಕೂ ಅನ್ವಯ. ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತ ಅಪ್ರೆಂಟಿಸ್ ಬೇರೆ ವಿಷಯ. ಬಾಕಿ ಯಾರಿಗೂ ‘ಟ್ರೇನಿಂಗ್’ ಅಂತ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೆಲಸದಿಂದ ತೆಗೆದರೂ, ತಾವೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಪಗಾರ ಚುಕ್ತಾ ಆಗಬೇಕು. ‘ಮುಂದಿನ ತಿಂಗಳು ಬಾ’ ಅನ್ನುವ ಹಾಗಿಲ್ಲ. ನಿಗದಿತ ಅವಧಿಯ ಕರಾರಿನ ಮೇಲೆ ದುಡಿದವರಿಗೆ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚುಟಿ.

ಇನ್ನೊಂದು ಕಡೆ ನಷ್ಟವೂ ಇದೆ. ಪ್ರೊಬೇಷನ್ ಎಷ್ಟು ದಿನ, ಯಾವ ತಪ್ಪಿಗೆ ಯಾವ ಶಿಕ್ಷೆ ಅಂತ ಕಾರ್ಖಾನೆಗಳು ಬರೆದು ದೃಢೀಕರಿಸಬೇಕಾದ ಸ್ಥಾಯಿ ಆದೇಶಗಳು ಹಳೇ ಕೇಂದ್ರ ಕಾಯ್ದೆಯಲ್ಲಿ 100 ಕಾರ್ಮಿಕರಿದ್ದಲ್ಲಿ ಕಡ್ಡಾಯ ಇದ್ದವು. ಅದರ ಮಾದರಿ ನಿಯಮದಲ್ಲಿ ಪ್ರೊಬೇಷನ್ ಮೂರು ತಿಂಗಳು. ಈಗ ಆ ಮಿತಿ 300ಕ್ಕೆ ಏರಿದೆ. ಜಿನ್ನಿಂಗ್ ಮಿಲ್, ಬೀಜ ಸಂಸ್ಕರಣೆ ಘಟಕ, ಚಿಕ್ಕ ಗಾರ್ಮೆಂಟ್ ಘಟಕದಂಥ ಕಡೆ 300 ಜನ ಇರೋದು ಅಪರೂಪ. ಅಂಥಲ್ಲಿ ಪ್ರೊಬೇಷನ್ ಅವಧಿಗೆ ಆಧಾರ ಒಂದೇ ಒಂದು, ನೇಮಕಾತಿ ಪತ್ರ. ಕೆಲಸದಿಂದ ತೆಗೆದದ್ದರ ವಿರುದ್ಧ ವಿವಾದ ಎತ್ತಲು ಇದ್ದ ಮೂರು ವರ್ಷದ ಕಾಲಾವಕಾಶವೂ ಎರಡಕ್ಕೆ ಇಳಿದಿದೆ.

ಹಾಗಾಗಿ ಇಡೀ ಚರ್ಚೆ ಕಡೆಗೆ ಬಂದು ನಿಲ್ಲೋದು ಆ ಒಂದು ಪತ್ರದ ಮೇಲೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಹೊಸ ಸಂಹಿತೆ ಅದನ್ನು ಕಡ್ಡಾಯ ಮಾಡಿದೆ. ‘ನಮ್ಮಲ್ಲಿ ಇಬ್ಬರೇ ಅದಾರ್ರಿ’ ಅನ್ನುವವರಿಗೂ ವಿನಾಯಿತಿ ಇಲ್ಲ. ರಾಜ್ಯದ ಅಂಗಡಿ ಕಾಯ್ದೆಯ 6ಎ ಸೆಕ್ಷನ್ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಹುದ್ದೆ, ಪಗಾರ, ಷರತ್ತು ಬರೆದ ನೇಮಕಾತಿ ಆದೇಶ ಕೊಡಲೇಬೇಕು.

ಪ್ರೊಬೇಷನ್ ಇದ್ದರೂ ಸಿಗಬೇಕಾದವು

ಮೊದಲ ದಿನದಿಂದಲೇ ಸಿಗಬೇಕಾದ ಹಕ್ಕುಗಳು ಇವು:

• ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಹೆಚ್ಚು ದುಡಿದರೆ ದುಪ್ಪಟ್ಟು ದರ. ವಾರಕ್ಕೊಂದು ರಜೆ.
• 10 ಅಥವಾ ಹೆಚ್ಚು ಜನ ಇರುವ ಕಡೆ, ತಿಂಗಳಿಗೆ ₹21,000 ತನಕ ಪಗಾರ ಇದ್ದವರಿಗೆ ಇಎಸ್‌ಐ. 20 ಅಥವಾ ಹೆಚ್ಚು ಜನ ಇದ್ದರೆ ಪಿಎಫ್.
• ಪಗಾರದಲ್ಲಿ ಎಲ್ಲ ಕಡಿತ ಸೇರಿ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ.

ಇನ್ನು ಕೆಲವಕ್ಕೆ ದಿನಗಳ ಲೆಕ್ಕ ಇದೆ:

• ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದ ಮಹಿಳೆಗೆ ಹೆರಿಗೆ ಸೌಲಭ್ಯ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ.
• ವರ್ಷದಲ್ಲಿ 240 ದಿನ ದುಡಿದವರನ್ನು ಕೆಲಸ ಕಡಿಮೆ ಆಯ್ತು ಅಂತ ತೆಗೆದರೆ ಒಂದು ತಿಂಗಳ ನೋಟಿಸ್, ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ.

ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿ ಇಟ್ಟುಕೊಂಡು ‘ವರ್ಷ ಆದ ಮೇಲೆ ಕೊಡ್ತೀನಿ’ ಅನ್ನೋದಕ್ಕೆ ಈ ಯಾವ ಕಾಯ್ದೆಯಲ್ಲೂ ಅವಕಾಶ ಕೊಟ್ಟಿಲ್ಲ.

ಒಂದು ಹಾಳೆ, ಎರಡು ಸಹಿ

ಮಾಲಕರಿಗೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಬಿಳಿ ಹಾಳೆ ಮೇಲೆ ಸೇರಿದ ತಾರೀಖು, ಪಗಾರ, ಕೆಲಸ, ಪ್ರೊಬೇಷನ್ ಮುಗಿಯುವ ತಾರೀಖು, ನಡುವೆ ಬಿಡಿಸುವುದಾದರೆ ಎಷ್ಟು ದಿನದ ನೋಟಿಸ್ ಅಂತ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರೆ ಆಯಿತು. ಮೂರನೇ ತಿಂಗಳಿಗೆ ಒಮ್ಮೆ ಕೂರಿಸಿ ‘ಲೆಕ್ಕ ತಪ್ಪಾಕತ್ತಾವ, ಸರಿ ಮಾಡ್ಕೊ’ ಅಂತ ಹೇಳಿ ಅದನ್ನೂ ಬರೆದಿಟ್ಟರೆ, ನಾಳೆ ತಕರಾರು ಬಂದಾಗ ಮೊದಲು ಉಪಯೋಗಕ್ಕೆ ಬರೋದು ಮಾಲಕರಿಗೇ.

ಕೆಲಸಗಾರರು ಪತ್ರ ಕೊಡದಿದ್ದರೂ ಪುರಾವೆ ಕೂಡಿಡಬಹುದು. ಪಗಾರ ಬ್ಯಾಂಕ್ ಖಾತೆಗೋ ಫೋನ್‌ಪೇಗೋ ಬಂದ ದಾಖಲೆ, ಹಾಜರಿ ಪುಸ್ತಕದ ಫೋಟೊ, ‘ನಾಳೆ ಬೇಗ ಬಾ’ ಅನ್ನುವ ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲ ದುಡಿದ ದಿನಗಳನ್ನು ತೋರಿಸುತ್ತವೆ. ದೂರು ಇದ್ದರೆ ಮೊದಲು ಕಾರ್ಮಿಕ ನಿರೀಕ್ಷಕರು, ಅಲ್ಲಿ ಆಗದಿದ್ದರೆ ಹಾವೇರಿಯ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿ. ಇಲಾಖೆಯ ಸಹಾಯವಾಣಿ 155214.

ದಸರಾ-ದೀಪಾವಳಿ ಸೀಜನ್ನಿಗೆ ಅಂತ ಪ್ರತಿ ವರ್ಷ ಹೊಸ ಹುಡುಗರು ಅಂಗಡಿ ಸೇರುತ್ತಾರೆ. ಸೀಜನ್ ಕೆಲಸ ಆದರೆ ಸೀಜನ್ ಅಂತಲೇ ಬರೆದುಕೊಡಲಿ, ಅದರಲ್ಲಿ ತಪ್ಪಿಲ್ಲ. ಕಾಯಂ ಮಾಡುವ ಆಸೆ ತೋರಿಸಿ ಕರೆದಿದ್ದರೆ ಯಾವ ತಾರೀಖಿಗೆ ಉತ್ತರ ಹೇಳ್ತೀವಿ ಅನ್ನೋದನ್ನು ಸೇರುವ ದಿನವೇ ಬರೆದುಕೊಡಬೇಕು. ಆಗ ಬೇಡ ಅಂದರೂ ಹುಡುಗ ಇನ್ನೊಂದು ಕೆಲಸ ಹುಡುಕಿಕೊಳ್ಳೋಕೆ ಸಮಯ ಇರುತ್ತದೆ.