ರಾಗದ ಸಂಗಡ ರೊಕ್ಕದ ಲೆಕ್ಕವೂ ಬೇಕು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಹುಡುಗರು ಸಂಗೀತದಲ್ಲಿ ಪದವಿ ಪಡೆಯಬೇಕೆಂದರೆ ಸಾಮಾನ್ಯವಾಗಿ ಧಾರವಾಡದ ಬಸ್ಸು ಹತ್ತುತ್ತಾರೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಹಾಡಿದ ನೆಲ. ಅಲ್ಲಿ ಕಲಿಯುವುದು ಪುಣ್ಯವೇ ಸರಿ. ಆದರೆ ಪದವಿ ಕೈಗೆ ಬಂದ ಮರುದಿನ ಹೊಟ್ಟೆಗೇನು?

ಎಲ್ಲರಿಗೂ ಶಾಲೆಯ ಸಂಗೀತ ಮಾಸ್ತರಿಕೆ ಸಿಗುವುದಿಲ್ಲ. ಉಳಿದವರು ಕಾರ್ಯಕ್ರಮ ಹಿಡಿಯಬೇಕು, ಪಾಠ ಹೇಳಬೇಕು, ತಂಡ ಕಟ್ಟಬೇಕು. ಅಂದರೆ ಅಂಗಡಿ ತೆರೆದಂತೆಯೇ! ಅಂಗಡಿಕಾರನಿಗೆ ದರ, ಬಾಡಿಗೆ, ಉದ್ರಿ, ನಗದು ಎಲ್ಲ ಗೊತ್ತು. ಹಾಡುವವನಿಗೆ ಇದನ್ನು ಕಲಿಸುವವರು ಯಾರು?

ದಾಂಡೇಲಿ, ಜೋಯಿಡಾ ಸುತ್ತ ರೆಸಾರ್ಟುಗಳು ಎದ್ದಿವೆ. ಕಾಳಿ ನದಿಯ ದೋಣಿಗೆ ದರ ಉಂಟು, ಮಲಗುವ ಕೋಣೆಗೆ ದರ ಉಂಟು. ರಾತ್ರಿಯ ಹಾಡಿಗೆ, ಸಿದ್ದಿಗಳ ಡಮಾಮಿ ಕುಣಿತಕ್ಕೆ? 'ನೀವೇ ತಿಳದು ಕೊಡ್ರಿ ಸಾಹೇಬ್ರ' ಎಂಬ ಮಾತಷ್ಟೇ! ಹಾಡಿಕೆಯನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದನಿಗೆ ರಾಯಲ್ಟಿ ಸಲ್ಲಬೇಕೆಂದು ಕಾಪಿರೈಟ್ ಕಾಯದೆಗೆ 2012ರಲ್ಲಿ ತಿದ್ದುಪಡಿಯೇ ಆಗಿದೆ. ಹಕ್ಕಿದೆ ಎಂದು ತಿಳಿಯದವನು ಕೇಳುವುದಾದರೂ ಹೇಗೆ?

ಸರಸ್ವತಿಯನ್ನು ಸಂತೆಗೆ ತರುವುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರು ನೆನೆಯಲಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಅಷ್ಟು ದೂರ ಬೇಡವೆಂದರೆ ಮುಂಡಗೋಡ ಉಂಟಲ್ಲ! ಅಲ್ಲಿಯ ಡ್ರೆಪುಂಗ್ ಲೋಸೆಲಿಂಗ್ ಮಠದ ಲಾಮಾಗಳು ತಂಡ ಕಟ್ಟಿ ಅಮೆರಿಕ ಸುತ್ತಿ, ತಮ್ಮ ಮಂತ್ರಗಾನ, ನೃತ್ಯದಿಂದಲೇ ಮಠಕ್ಕೆ ನೆರವು ತಂದಿದ್ದಾರೆ. ಇದರಿಂದ ಅವರ ವಿದ್ಯೆಯೇನೂ ಮೈಲಿಗೆಯಾಗಲಿಲ್ಲ.

ದಾರಿ ಹುಡುಕಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಿದೆ. ಹಳ್ಳಿಯ ಯುವಕ ಯುವತಿಯರಿಗೆ ಪುಕ್ಕಟೆಯಾಗಿ ಕಸುಬು ಕಲಿಸಿ, ಬ್ಯಾಂಕ್ ಸಾಲದ ದಾರಿ ತೋರಿಸುವುದೇ ಅದರ ಕೆಲಸ. ಹೊಲಿಗೆಗೆ, ಹೈನುಗಾರಿಕೆಗೆ ಸಲ್ಲುವ ಪಾಠ ಹಾಡುಗಾರಿಕೆಗೆ ಸಲ್ಲದೆ? ದರ ಹೇಳುವುದು, ಮುಂಗಡ ಪಡೆಯುವುದು, ಕರಾರು ಬರೆಸುವುದು, ತಬಲಾದವನ ಪಾಲು ಹಂಚುವುದು, ಮೈಕ್ ಸೆಟ್ಟಿಗೆ ಸಾಲ ಕೇಳುವುದು – ಇಷ್ಟನ್ನು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಕೆಲವೇ ದಿನಗಳಲ್ಲಿ ಕಲಿಸಬಹುದು. ಧಾರವಾಡದ ವಿದ್ಯೆಯನ್ನೂ ಹಳಿಯಾಳದ ಲೆಕ್ಕವನ್ನೂ ಕೂಡಿಸುವ ಕೆಲಸಕ್ಕೆ ವಿಶ್ವವಿದ್ಯಾಲಯದವರು, ಬ್ಯಾಂಕಿನವರು ಒಮ್ಮೆ ಎದುರುಬದುರು ಕುಳಿತರೆ ಸಾಕು.

ಓದುಗರೂ ಒಂದು ಮಾತು ನೆನಪಿಡಲಿ. ಗಣಪತಿ ಹಬ್ಬಕ್ಕೆ, ಮದುವೆಗೆ ಹಾಡುಗಾರರನ್ನು ಕರೆದಾಗ ಪೆಂಡಾಲಿನವನಿಗೆ ಕೊಟ್ಟಂತೆ ಅವರಿಗೂ ಮುಂಗಡ ಕೊಡಿ. ಶಾಲು ಹೊದಿಸಿದರೆ ಮೈ ಬೆಚ್ಚಗಾದೀತು, ಒಲೆ ಹೊತ್ತೀತೇ?