ಮನೆಯ ಲೆಕ್ಕ: ವಿಶೇಷ ಚಾಲ್ತಿ ಖಾತೆ ಯಾರಿಗೆ ಬೇಕು?

ಜತ್ತ ತಾಲ್ಲೂಕಿನ ನಮ್ಮ ಮನೆತನಗಳಲ್ಲಿ ಒಕ್ಕಲುತನ ಮತ್ತು ಅಂಗಡಿ ಬೇರೆ ಬೇರೆಯಾಗಿರುವುದು ಕಡಿಮೆ. ಅಣ್ಣ ದ್ರಾಕ್ಷಿ ಇಲ್ಲವೆ ದಾಳಿಂಬೆ ತೋಟ ನೋಡಿಕೊಂಡರೆ ತಮ್ಮ ಕಿರಾಣಿ ಅಥವಾ ಗೊಬ್ಬರದ ಅಂಗಡಿಯಲ್ಲಿ ಕೂಡುತ್ತಾನೆ. ಹಣ ಮಾತ್ರ ಹಿರಿಯರ ಹೆಸರಿನ ಒಂದೇ ಪಾಸ್‌ಬುಕ್ಕಿನಲ್ಲಿ. ಇಂಥ ಮನೆಗಳಿಗೆ ಈಚೆಗೆ ಬ್ಯಾಂಕಿನವರು ತಾವಾಗಿಯೇ ಬಂದು, ಆಯ್ದ ಗ್ರಾಹಕರಿಗಾಗಿಯೇ ಒಂದು ವಿಶೇಷ ಚಾಲ್ತಿ ಖಾತೆ ಇದೆ ಎಂದು ಹೇಳುತ್ತಿದ್ದಾರೆ. ಆ ಖಾತೆಗಳಿಗೆ ಬಂಗಾರದ, ವಜ್ರದ ಹೆಸರುಗಳು. ತೆಗೆಯಬೇಕೇ ಬೇಡವೇ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ನಿಯಮದ ಮಾತು. ವ್ಯಾಪಾರದ ಹಣವನ್ನು ಉಳಿತಾಯ ಖಾತೆಯಲ್ಲಿ ನಡೆಸುವಂತಿಲ್ಲ. ಅಂಗಡಿ ಒಬ್ಬರದೇ ಇರಲಿ, ಪಾಲುದಾರಿಕೆಯದಿರಲಿ, ರಿಸರ್ವ್ ಬ್ಯಾಂಕಿನ ನಿಯಮದಂತೆ ಅದಕ್ಕೆ ಚಾಲ್ತಿ ಖಾತೆಯೇ ಬೇಕು. ತೋಟದ ಬೆಳೆ ಮಾರಿ ಬಂದ ಹಣಕ್ಕೆ ಈ ಕಟ್ಟುಪಾಡಿಲ್ಲ, ಅದು ಉಳಿತಾಯ ಖಾತೆಗೆ ಬರಬಹುದು. ಆದ್ದರಿಂದ ತೋಟವಷ್ಟೇ ಇರುವ ಮನೆಗೆ, ನಮ್ಮ ಅಭಿಪ್ರಾಯದಲ್ಲಿ, ಯಾವ ಚಾಲ್ತಿ ಖಾತೆಯೂ ಅವಶ್ಯವಿಲ್ಲ. ಉಳಿತಾಯ ಖಾತೆ ಮತ್ತು ಕಿಸಾನ್ ಕ್ರೆಡಿಟ್ ಕಾರ್ಡ್ ಸಾಕು. ಅಂಗಡಿ ಇದ್ದವರು ಮುಂದೆ ಓದಿರಿ.

ವಿಶೇಷ ಖಾತೆ ಎಂಬುದು ಸುಳ್ಳು ಕಲ್ಪನೆಯೇನೂ ಅಲ್ಲ. ಇಂಗ್ಲೆಂಡಿನಲ್ಲಿ ವೆದರ್ಬಿ ಎಂಬ ಮನೆತನ 1770ರಿಂದ ಕುದುರೆ ಪಂದ್ಯದ ಕಾಗದಪತ್ರಗಳನ್ನು ನೋಡಿಕೊಳ್ಳುತ್ತ ಬಂದಿದೆ. 1994ರಲ್ಲಿ ಅವರು ಬ್ಯಾಂಕನ್ನೇ ತೆರೆದರು, ಪಂದ್ಯದ ಕುದುರೆ ಸಾಕುವವರ ಖಾತೆಗಳೂ ಅಲ್ಲಿವೆ. ಪಂದ್ಯದ ಗೊಡವೆ ನಮಗೆ ಬೇಡ, ಆದರೆ ಆ ಏರ್ಪಾಡಿನ ಹಿಂದಿನ ಲೆಕ್ಕ ತಿಳಿಯತಕ್ಕದ್ದು. ಕುದುರೆಯ ಮಾಲೀಕನಿಗೆ ಬಹುಮಾನದ ಹಣ ಯಾವಾಗಲೋ ಒಮ್ಮೆ ಬರುತ್ತದೆ, ಮೇವಿನ ಮತ್ತು ತರಬೇತಿಯ ಬಿಲ್ಲು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಈ ಏರಿಳಿತ ಬಲ್ಲ ಬ್ಯಾಂಕು ಅವನಿಗೆ ಅನುಕೂಲ. ನಮ್ಮ ದ್ರಾಕ್ಷಿ ತೋಟವೂ ಅಂಥ ಒಂದು ಕುದುರೆಯೇ! ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು, ಬೇದಾಣೆ ಒಣಗಿಸುವ ಕೆಲಸ, ಬಳಿಕ ಕೋಲ್ಡ್ ಸ್ಟೋರೇಜು, ಅಲ್ಲಿಂದ ತಾಸಗಾಂವ ಅಥವಾ ಸಾಂಗಲಿಯ ಲಿಲಾವು. ಹಣ ಬಂದರೆ ಒಮ್ಮೆಲೆ ಬರುತ್ತದೆ. ಏಪ್ರಿಲ್ ಛಾಟಣಿ, ಅಕ್ಟೋಬರ್ ಛಾಟಣಿ, ಔಷಧಿ, ಆಳಿನ ಕೂಲಿ, ಮಳೆಯಿಲ್ಲದ ವರ್ಷ ಟ್ಯಾಂಕರ್ ನೀರು, ಇವು ಯಾವುವೂ ಹಣ ಬರುವ ತನಕ ಕಾಯುವುದಿಲ್ಲ. ತೋಟದವರಿಗೆ ಉದ್ರಿ ಕೊಡುವ ಗೊಬ್ಬರದ ಅಂಗಡಿಯ ಪಾಡೂ ಇದೇ. ಅವರಿಗೆ ಹಣ ಬಂದಾಗಲೇ ಇವರಿಗೂ ಬರಬೇಕು.

ಹೀಗಾಗಿ ಖಾತೆ ಆಯುವಾಗ ಅದರ ಹೆಸರು ನೋಡದೆ ನಮ್ಮ ವರ್ಷದ ಪಂಚಾಂಗ ನೋಡಬೇಕು. ಕಳೆದ ವರ್ಷದ ಕೀರ್ದಿ ತೆಗೆದು, ತಿಂಗಳಿಗೆ ಎಷ್ಟು ಬಂತು, ಎಷ್ಟು ಹೋಯಿತು, ನಗದಿನಲ್ಲಿ ಎಷ್ಟು, ಚೆಕ್ಕಿನಲ್ಲಿ ಎಷ್ಟು, ಮೊಬೈಲಿನಲ್ಲಿ ಎಷ್ಟು ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆ ಹಾಳೆ ಹಿಡಿದು ಬ್ಯಾಂಕಿಗೆ ಹೋಗಿ ಶುಲ್ಕಪಟ್ಟಿ ಕೇಳಿರಿ. ಬಾಯಿಮಾತಿನ ಭರವಸೆ ಬೇಡ, ಅಚ್ಚಾದ ಪಟ್ಟಿಯೇ ಬೇಕು.

ಚಾಲ್ತಿ ಖಾತೆಯ ಹಣಕ್ಕೆ ಬಡ್ಡಿ ಇಲ್ಲ. ವಿಶೇಷ ಖಾತೆಯಾದರೆ ಸರಾಸರಿ ಇಷ್ಟು ಶಿಲ್ಕು ಇರಲೇಬೇಕೆಂಬ ಷರತ್ತೂ ಇರುತ್ತದೆ. 1 ಲಕ್ಷ ರೂಪಾಯಿ ಇಡಬೇಕೆಂದಿದ್ದರೆ, ಅದೇ ಹಣ ಶೇಕಡಾ 6ರ ಮುದ್ದತು ಠೇವಣಿಯಲ್ಲಿ ವರ್ಷಕ್ಕೆ 6,000 ರೂಪಾಯಿ ತರುತ್ತಿತ್ತು. ಖಾತೆ 'ಉಚಿತ' ಎನ್ನುವುದರ ನಿಜವಾದ ಬೆಲೆ ಅದು. ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ? ವಿಮಾನ ನಿಲ್ದಾಣದಲ್ಲಿ ಕೂತು ಉಪಾಹಾರ ಮಾಡುವ ಸವಲತ್ತು ಉಮದಿಯ ಕಿರಾಣಿ ಅಂಗಡಿಗೆ ಎಷ್ಟು ಉಪಯೋಗವೆಂದು ಅವರೇ ಹೇಳಬೇಕು. ತಿಂಗಳಿಗೆ ಎಷ್ಟು ನಗದು ಶುಲ್ಕವಿಲ್ಲದೆ ತುಂಬಬಹುದು, ವಿಜಯಪುರದಲ್ಲೋ ಅಥಣಿಯಲ್ಲೋ ಮಾಲು ಕೊಂಡಾಗ ಅಲ್ಲಿನ ಶಾಖೆಯಲ್ಲಿ ತುಂಬಿದರೆ ಬೇರೆ ಶುಲ್ಕವಿದೆಯೇ, ಇಂಥವು ಕೇಳಬೇಕಾದ ಪ್ರಶ್ನೆಗಳು. 'ನಿಮಗಾಗಿಯೇ ಒಬ್ಬ ಅಧಿಕಾರಿ' ಎನ್ನುತ್ತಾರೆ. ಆ ಅಧಿಕಾರಿ ಎರಡನೆಯ ಭೇಟಿಯಲ್ಲಿ ವಿಮಾ ಪಾಲಿಸಿಯ ಅರ್ಜಿ ತೆಗೆದರೆ ಖಾತೆ ಯಾರ ಅನುಕೂಲಕ್ಕೆ ಎಂಬುದು ಗೊತ್ತಾಗುತ್ತದೆ.

ಒಂದು ಸವಲತ್ತು ಮಾತ್ರ ನಮ್ಮವರಿಗೆ ನಿಜಕ್ಕೂ ಒದಗುವಂಥದು. ಗೊತ್ತುಮಾಡಿದ ಮೊತ್ತಕ್ಕಿಂತ ಹೆಚ್ಚಿನ ಹಣ ತಾನಾಗಿ ಠೇವಣಿಗೆ ಸರಿದು, ಚೆಕ್ಕು ಬಂದಾಗ ತಾನಾಗಿ ಮರಳುವ ಏರ್ಪಾಡು ಕೆಲವು ಬ್ಯಾಂಕುಗಳಲ್ಲಿದೆ. ಲಿಲಾವಿನ ಬಳಿಕ ಉದ್ರಿ ವಸೂಲಾಗಿ ಬಂದ ಹಣ ಅಕ್ಟೋಬರ್‌ವರೆಗೆ ಸುಮ್ಮನೆ ಮಲಗುವುದು ತಪ್ಪುತ್ತದೆ. ಇದಕ್ಕಾಗಿ ಸ್ವಲ್ಪ ಶುಲ್ಕ ಕೊಟ್ಟರೂ ನಷ್ಟವಿಲ್ಲ. ಹಣ ಸಾಲದ ತಿಂಗಳುಗಳಿಗೆ ಓವರ್‌ಡ್ರಾಫ್ಟ್ ಬೇಕಾದರೆ ಅದನ್ನೂ ಖಾತೆ ತೆಗೆಯುವಾಗಲೇ ಮಾತಾಡಿಕೊಳ್ಳಿ. ಬಳಸಿದಷ್ಟಕ್ಕೇ, ಬಳಸಿದ ದಿನಗಳಿಗೇ ಬಡ್ಡಿ.

ಚೆಕ್ಕಿನ ಬಗ್ಗೆ ಒಂದು ಎಚ್ಚರಿಕೆ. ಇಂದು ಚೆಕ್ಕು ಕೊಟ್ಟು ನಾಳೆ ಹಣ ತುಂಬಿದರಾಯಿತು ಎಂಬ ಹಳೆಯ ರೂಢಿ ಇನ್ನು ನಡೆಯದು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ಹಗಲಿಡೀ ಸತತವಾಗಿ ತೀರುವೆಯಾಗುತ್ತಿವೆ. ಬೆಳಿಗ್ಗೆ ತುಂಬಿದ ಚೆಕ್ಕು ಅಂದೇ ನಮ್ಮ ಖಾತೆಗೆ ಬಂದು ಮುಟ್ಟುತ್ತದೆ. ಹಣವಿಲ್ಲದೆ ಮರಳಿದರೆ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ ಅದು, ಪೇಟೆಯಲ್ಲಿ ಹೋಗುವ ಮರ್ಯಾದೆ ಬೇರೆ.

ಇನ್ನು ಹಣದ ಭದ್ರತೆ. ಸಾಂಗಲಿ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1916ರಲ್ಲಿ ಹುಟ್ಟಿದ ಸಾಂಗಲಿ ಬ್ಯಾಂಕು 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಯಿತು, ಅಲ್ಲಿ ಠೇವಣಿದಾರರಿಗೆ ತೊಂದರೆಯಾಗಲಿಲ್ಲ. ಆದರೆ ವಸಂತದಾದಾ ಶೇತಕರಿ ಸಹಕಾರಿ ಬ್ಯಾಂಕಿನ ಪರವಾನಗಿ 2009ರಲ್ಲಿ ರದ್ದಾಯಿತು. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ ಗ್ರಾಹಕರಿಗೆ ಮೊದಲು ತೆಗೆಯಲು ಬಿಟ್ಟದ್ದು ಕೇವಲ 1,000 ರೂಪಾಯಿ. ಠೇವಣಿ ವಿಮೆ 1993ರಿಂದ 1 ಲಕ್ಷವಿದ್ದದ್ದು 2020ರ ಫೆಬ್ರವರಿ 4ರಿಂದ 5 ಲಕ್ಷವಾಗಿದೆ. ಒಬ್ಬರಿಗೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ, ಅಸಲೂ ಬಡ್ಡಿಯೂ ಸೇರಿ ಈ ಮಿತಿ. ಒಬ್ಬರದೇ ಮಾಲೀಕತ್ವದ ಅಂಗಡಿಯ ಚಾಲ್ತಿ ಖಾತೆಯನ್ನೂ ಅವರ ಸ್ವಂತ ಉಳಿತಾಯ ಖಾತೆಯನ್ನೂ ಕೂಡಿಸಿಯೇ ಲೆಕ್ಕ ಹಿಡಿಯುತ್ತಾರೆ, ಅಂಗಡಿಯ ಹೆಸರು ಬೇರೆಯೆಂದು ಎರಡು ವಿಮೆ ಸಿಗುವುದಿಲ್ಲ. ಪಾಲುದಾರಿಕೆಯ ಖಾತೆ ಮಾತ್ರ ಬೇರೆ. ಊರಿನ ಸಹಕಾರಿ ಬ್ಯಾಂಕಿನ ಸಲಿಗೆ ನಮಗೂ ಪ್ರಿಯವೇ. ಅಲ್ಲಿ ಕನ್ನಡದಲ್ಲಿ ಮಾತಾಡಿ ಕೆಲಸ ಮುಗಿಸಬಹುದು. ದಿನದ ವ್ಯವಹಾರ ಅಲ್ಲಿಯೇ ನಡೆಯಲಿ, ಸುಗ್ಗಿಯ ದೊಡ್ಡ ಮೊತ್ತವೆಲ್ಲ ಒಂದೇ ಕಡೆ ಬೇಡ.

ಖಾತೆ ಯಾರ ಹೆಸರಿಗೆ ಎಂಬುದೇ ಎಲ್ಲಕ್ಕಿಂತ ಮುಖ್ಯ, ಆದರೆ ಅದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮಾಲೀಕರು ತೀರಿಕೊಂಡ ಸುದ್ದಿ ತಿಳಿದ ಕೂಡಲೇ ಅವರು ಬರೆದ ಚೆಕ್ಕನ್ನು ಬ್ಯಾಂಕು ಪಾವತಿ ಮಾಡದು. ಮಗನಿಗೆ ಕೊಟ್ಟ ಮುಖತ್ಯಾರಪತ್ರವೂ ಅಂದಿಗೇ ಮುಗಿಯಿತು. ಸೂತಕ ಕಳೆಯುವ ಮೊದಲೇ ಅಂಗಡಿಗೆ ಮಾಲು ಕೊಟ್ಟವರು ಬಂದು ನಿಂತಿರುತ್ತಾರೆ, ಖಾತೆಯಲ್ಲಿ ಹಣವಿದ್ದೂ ಕೈಗೆ ಬಾರದು. ಮಗ ಅಥವಾ ಸೊಸೆ ನಿಜವಾಗಿ ದುಡಿಯುತ್ತಿದ್ದರೆ ಪಾಲುದಾರಿಕೆ ಪತ್ರ ಮಾಡಿಸಿ ಅವರ ಸಹಿಯನ್ನೂ ಖಾತೆಗೆ ಸೇರಿಸುವುದು ಒಳ್ಳೆಯದು. ಇಬ್ಬರೇ ಪಾಲುದಾರರಾದರೆ ಒಬ್ಬರು ತೀರಿಕೊಂಡಾಗ ಪಾಲುದಾರಿಕೆಯೇ ಮುಗಿಯುತ್ತದೆ, ಸಾಧ್ಯವಿದ್ದರೆ ಮೂವರಿರಲಿ. ಅವಿಭಕ್ತ ಕುಟುಂಬದ ಹೆಸರಿನಲ್ಲೂ ಖಾತೆ ತೆಗೆಯಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ, 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು. ಹಾಗಾಗಿ ಗಂಡುಮಕ್ಕಳ ಸಹಿಯೊಂದೇ ಸಾಕೆಂದು ಕಾಗದ ಮಾಡಬೇಡಿ.

ಪಾಲುದಾರಿಕೆಯ ಮತ್ತು ಅವಿಭಕ್ತ ಕುಟುಂಬದ ಖಾತೆಗಳಿಗೆ ನಾಮನಿರ್ದೇಶನವಿಲ್ಲ. ಸ್ವಂತ ಖಾತೆಗೆ ಮತ್ತು ಒಬ್ಬರದೇ ಅಂಗಡಿಯ ಖಾತೆಗೆ ಇದೆ. 2025ರ ನವೆಂಬರ್ 1ರಿಂದ ನಾಲ್ವರ ತನಕ ಹೆಸರಿಸಬಹುದು. ಹೆಸರಿಸಿದವರು ಹಣ ಪಡೆಯುವವರೇ ಹೊರತು ಒಡೆಯರಲ್ಲ, ವಾರಸುದಾರರ ಪಾಲು ಹಾಗೆಯೇ ಇರುತ್ತದೆ ಎಂಬುದನ್ನು ಮನೆಯವರೆಲ್ಲರಿಗೂ ಈಗಲೇ ತಿಳಿಸಿಡಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ಪಡೆದು ಪಾಸ್‌ಬುಕ್ಕಿನ ಜೊತೆಗೇ ಇಡಿ.

ಬೇದಾಣೆಯ ಕೋಲ್ಡ್ ಸ್ಟೋರೇಜ್ ರಸೀತಿಯ ಮೇಲೆ ಸಾಲ ತೆಗೆಯುವ ವಿಚಾರ ಮುಂದಿನ ಸಂಚಿಕೆಯಲ್ಲಿ.