ಕಣಜವಿಲ್ಲದ ತಾರೆ

ಹರ್ಕ್ಯುಲಿಸ್ ನಕ್ಷತ್ರಪುಂಜದಲ್ಲಿ 'ಎ.ಎಂ. ಹರ್ಕ್ಯುಲಿಸ್' ಎಂಬ ಮಸುಕಾದ ತಾರೆಯೊಂದುಂಟು. ಬರಿಗಣ್ಣಿಗೆ ಅದು ಕಾಣದು. ಅದರ ಬೆಳಕು ಏರಿಳಿಯುವುದನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ 1923ರಲ್ಲಿಯೇ ಗುರುತಿಸಿದ್ದರು. ಆಮೇಲೆ ಅರ್ಧ ಶತಮಾನ ಕಾಲ ಅದು ಪಟ್ಟಿಯಲ್ಲಿನ ಒಂದು ಹೆಸರಾಗಿ ಉಳಿಯಿತು. 1976ರಲ್ಲಿ ಸ್ಯಾಂಟಿಯಾಗೋ ತಾಪಿಯಾ ಎಂಬ ಖಗೋಳಜ್ಞರು ಪರೀಕ್ಷಿಸಿದಾಗ ಆ ಬೆಳಕು ಪ್ರಬಲವಾಗಿ ಧ್ರುವೀಕೃತವಾಗಿತ್ತು. ಎಂದರೆ, ಅಲೆಗಳು ಮನಬಂದಂತೆ ಕಂಪಿಸದೆ ಒಂದು ಕಟ್ಟಿಗೆ ಒಳಪಟ್ಟಿದ್ದುವು. ಈ ಶಿಸ್ತನ್ನು ಹೇರಿದ್ದು ಪ್ರಚಂಡವಾದ ಕಾಂತಶಕ್ತಿ.

ಅಲ್ಲಿರುವುದು ಒಂದಲ್ಲ, ಎರಡು ತಾರೆಗಳು. ಒಂದು ಶ್ವೇತ ಕುಬ್ಜ: ಇಂಧನ ತೀರಿ ಕುಗ್ಗಿ, ಸೂರ್ಯನ ಅರ್ಧಕ್ಕಿಂತ ಹೆಚ್ಚಿನ ದ್ರವ್ಯವನ್ನು ಭೂಮಿಯಷ್ಟು ಗಾತ್ರದಲ್ಲಿ ಅಡಕಿಕೊಂಡ ಕಾಯ. ಇನ್ನೊಂದು ಕೆಂಪು ಕುಬ್ಜ. ಇವೆರಡರ ಅಂತರ ಭೂಮಿ-ಚಂದ್ರರ ಅಂತರದ ಸುಮಾರು ಇಮ್ಮಡಿ ಮಾತ್ರ. ಒಂದು ಸುತ್ತಿಗೆ ಹಿಡಿಯುವ ಕಾಲ 3 ಗಂಟೆ 6 ನಿಮಿಷ. ನಾವು ಸಂಸಾರಸಮೇತ ಚಲನಚಿತ್ರವೊಂದನ್ನು ನೋಡಿ ಹೊರಬರುವಷ್ಟರಲ್ಲಿ ಅಲ್ಲಿ ಒಂದು 'ವರ್ಷ' ಕಳೆದಿರುತ್ತದೆ!

ಇಷ್ಟು ಸಮೀಪದಲ್ಲಿರುವುದರಿಂದ ಕೆಂಪು ತಾರೆಯ ಹೊರಪದರದ ಅನಿಲ ಸಂಗಾತಿಯ ಕಡೆಗೆ ಸೋರುತ್ತದೆ. ಸಾಮಾನ್ಯವಾಗಿ ಇಂಥ ಜೋಡಿಗಳಲ್ಲಿ ಸೋರಿದ ಅನಿಲ ನೇರವಾಗಿ ಬೀಳದೆ, ಶ್ವೇತ ಕುಬ್ಜದ ಸುತ್ತ ತಟ್ಟೆಯಾಕಾರವಾಗಿ ತಿರುಗುತ್ತ, ನಿಧಾನವಾಗಿ ಒಳಗಿಳಿಯುತ್ತದೆ. ಇಲ್ಲಿ ಹಾಗಲ್ಲ. ಈ ಕುಬ್ಜದ ಕಾಂತಕ್ಷೇತ್ರ ಸುಮಾರು 1 ಕೋಟಿ 40 ಲಕ್ಷ ಗಾಸ್. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ನಮ್ಮ ಭೂಮಿಯದು ಒಂದು ಗಾಸ್ ಸಹ ಇಲ್ಲ! ಹರಿದುಬರುವ ಅನಿಲ ವಿದ್ಯುದಾವಿಷ್ಟ ಕಣಗಳಿಂದ ಕೂಡಿದುದಾದ್ದರಿಂದ ಕಾಂತರೇಖೆಗಳನ್ನು ಅಡ್ಡ ದಾಟಲಾರದು. ತಟ್ಟೆಯಾಗುವ ಮೊದಲೇ ಅವಕ್ಕೆ ಸಿಕ್ಕಿ, ಕಾಲುವೆಗೆ ತಿರುಗಿಸಿದ ನೀರಿನಂತೆ, ಕಾಂತಧ್ರುವದ ಮೇಲೆ ಸುರಿಯುತ್ತದೆ. ಬೀಳುವ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್. ಮೇಲ್ಮೈಯನ್ನು ಮುಟ್ಟುವ ಮುನ್ನವೇ ಆಘಾತದಿಂದ ಉಷ್ಣತೆ ಕೋಟಿಗಟ್ಟಲೆ ಡಿಗ್ರಿಗೇರಿ ಕ್ಷ-ಕಿರಣಗಳು ಹೊಮ್ಮುತ್ತವೆ. ಕಾಂತರೇಖೆಗಳ ಸುತ್ತ ಸುರುಳಿ ಸುತ್ತುವ ಎಲೆಕ್ಟ್ರಾನುಗಳಾದರೋ ತಾಪಿಯಾ ಕಂಡ ಆ ಧ್ರುವೀಕೃತ ಬೆಳಕನ್ನು ಸೂಸುತ್ತವೆ. ಇಂಥ ಜೋಡಿಗಳಿಗೆ 'ಪೋಲಾರ್' ಎಂಬ ಹೆಸರು ಬಂದುದು ಅದರಿಂದಲೇ.

ತಟ್ಟೆಯೆಂಬುದು ಒಂದು ಬಗೆಯ ಕಣಜ. ಆಮದು ಏರುಪೇರಾದರೂ ಕೆಲಕಾಲ ಅದರಿಂದ ಸಂಸಾರ ಸಾಗುತ್ತದೆ. ನಮ್ಮ ತಾರೆಯದು ಅಂದಂದಿನ ಗಳಿಕೆ ಅಂದಂದಿಗೆ. ಕೆಂಪು ಸಂಗಾತಿ ಕೈ ಬಿಗಿಹಿಡಿಯಿತೆಂದರೆ ಬೆಳಕು ಸುಮಾರು ಹತ್ತರಲ್ಲೊಂದು ಪಾಲಿಗಿಳಿದು, ತಿಂಗಳುಗಟ್ಟಲೆ ಮಂಕಾಗಿರುವುದೂ ಉಂಟು. ಕೈ ಬಿಗಿಯುವುದೇಕೆ? ಸೂರ್ಯನ ಮೇಲಿರುವಂಥ ಕಲೆಗಳು ಅನಿಲ ಸೋರುವ ಬಾಯಿಗೆ ಅಡ್ಡಬಂದು ಹರಿವನ್ನು ತಡೆಯುತ್ತವೆಯೆಂದು ಲಿವಿಯೊ ಮತ್ತು ಪ್ರಿಂಗಲ್ 1994ರಲ್ಲಿ ಸೂಚಿಸಿದರು. ಊಹೆಯೇನೋ ಸೊಗಸಾಗಿದೆ, ಕೊನೆಯ ತೀರ್ಪು ಇನ್ನೂ ಬಂದಿಲ್ಲ.

ಮಂಕಾಗುವ ದಿನ ಯಾವುದೆಂದು ಮುಂಚಿತವಾಗಿ ಹೇಳಬರುವಂತಿಲ್ಲ. ಆದುದರಿಂದ ಹಲವು ದೇಶಗಳ ಹವ್ಯಾಸಿಗಳು ತಮ್ಮ ಸಣ್ಣ ದೂರದರ್ಶಕಗಳಿಂದ ಇದನ್ನು ರಾತ್ರಿಗಳುದ್ದಕ್ಕೂ ಕಾಯುತ್ತಾರೆ. ಸುರಿಯುವ ಅನಿಲದ ಪ್ರಖರತೆ ಅಡಗಿದ ಆ ದಿನಗಳಲ್ಲಿಯೇ ಶ್ವೇತ ಕುಬ್ಜದ ಮೈ ಚೆನ್ನಾಗಿ ಕಾಣಸಿಗುವುದು. ಅದರ ಕಾಂತಕ್ಷೇತ್ರವನ್ನು ನೇರವಾಗಿ ಅಳೆದುದೂ ಅಂಥ ದಿನಗಳಲ್ಲಿಯೇ.